ಸಹಾಯ ಬೇಕು: ಶೆಲ್ ಸ್ಕ್ರಿಪ್ಟಿನಲ್ಲಿ ಕಡತದ ಹೆಸರು ತುಂಡಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಜೋಡಿಸುತ್ತಿದ್ದೇನೆ. ಸುಮಾರು 4,000 ಪುಟಗಳಿವೆ. ಶೆಲ್ ಸ್ಕ್ರಿಪ್ಟು (ಕಂಪ್ಯೂಟರಿಗೆ ಸಾಲಾಗಿ ಕೊಡುವ ಆದೇಶಗಳ ಕಡತ) ಬರೆದು, ಪ್ರತಿ ಕಡತದ ಪೂರ್ತಿ ವಿಳಾಸವಾದ ಪಾಥ್‌ನಿಂದ ಫೋಲ್ಡರು, ಹೆಸರು, ಎಕ್ಸ್‌ಟೆನ್ಷನ್ (ಚುಕ್ಕಿಯ ನಂತರ ಬರುವ, ಕಡತದ ಬಗೆ ಹೇಳುವ ಭಾಗ) ಮೂರನ್ನೂ ಬೇರ್ಪಡಿಸಬೇಕು.

ಮೊದಲು ಹೆಸರು, ಫೋಲ್ಡರು ತೆಗೆದುಕೊಡುವ ಬೇಸ್‌ನೇಮ್, ಡಿರ್‌ನೇಮ್ ಆದೇಶಗಳನ್ನು ಬಳಸಿದೆ. ಕೆಲಸವಾಯಿತು, ಆದರೆ ಪ್ರತಿ ಸಲವೂ ಹೊಸ ಪ್ರೊಸೆಸ್ (ಬೇರೆಯೇ ಪ್ರೋಗ್ರಾಮಿನ ಓಟ) ಹುಟ್ಟುವುದರಿಂದ ಬಹಳ ನಿಧಾನ. ಆಮೇಲೆ ಶೆಲ್ಲಿನದೇ ಆದ ##*/ (ಕೊನೆಯ ಓರೆಗೆರೆಯವರೆಗಿನದನ್ನು ಕಳೆಯುತ್ತದೆ) ಮತ್ತು %.* (ಕೊನೆಯ ಚುಕ್ಕಿಯಿಂದ ಮುಂದಿನದನ್ನು ಕಳೆಯುತ್ತದೆ) ಬಳಸಿದೆ. ವೇಗವೇನೋ ಬಂತು, ಎಡವಟ್ಟೂ ಬಂತು. “ಸಂಪುಟ.3/ಮುಖಪುಟ” ಎಂಬ ಕಡತಕ್ಕೆ ಎಕ್ಸ್‌ಟೆನ್ಷನ್ನೇ ಇಲ್ಲ, %.* ಫೋಲ್ಡರಿನ ಚುಕ್ಕಿಯಿಂದಲೇ ಕತ್ತರಿಸಿ “ಸಂಪುಟ” ಎಂದಷ್ಟೇ ಉಳಿಸಿತು. ಮುಖಪುಟವೇ ಮಾಯ! ಮೊದಲು ಫೋಲ್ಡರನ್ನು ಕಳೆದು ಆಮೇಲೆ ಚುಕ್ಕಿ ಹುಡುಕಿದಾಗ ಇದು ಸರಿಹೋಯಿತು.

ಈಗ ಸಿಕ್ಕಿಕೊಂಡಿರುವುದು ಇಲ್ಲಿ: “ಯುಗಾದಿ.ಟಾರ್.ಜಿಝಡ್” ಎಂಬಂಥ ಜೋಡಿ ಎಕ್ಸ್‌ಟೆನ್ಷನ್‌ನಲ್ಲಿ %.* ಕೊನೆಯದನ್ನು ಮಾತ್ರ ತೆಗೆಯುತ್ತದೆ. ಮೊದಲ ಚುಕ್ಕಿಯಿಂದಲೇ ಕತ್ತರಿಸುವ %%.* ಹಾಕಿದರೆ “ಪುಟ.12.ಟಿಫ್” ಬರೀ “ಪುಟ” ಆಗುತ್ತದೆ, ಅಂಕಿಯೇ ಹೋಗಿಬಿಡುತ್ತದೆ.

ಎರಡನ್ನೂ ಸಂಭಾಳಿಸುವ ದಾರಿ ಬಲ್ಲವರು ದಯವಿಟ್ಟು ತಿಳಿಸಿ. ಬ್ಯಾಷ್ ಎಂಬ ಶೆಲ್ ಒಂದರಲ್ಲೇ ಅಲ್ಲ, ಅದಕ್ಕಿಂತ ಸರಳವಾದ ಡ್ಯಾಷ್ ಶೆಲ್ಲಿನಲ್ಲೂ ನಡೆಯಬೇಕು. ಸಂಘದ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟು ಓಡುವುದು ಅದರಲ್ಲೇ. ಊರು ಬಿಟ್ಟು ಬಂದ ಹಿರಿಯರು ಬರೆದ ಪುಟಗಳಿವು. ಒಂದೂ ಕಳೆದುಹೋಗಬಾರದು.