ಸಹಾಯ ಬೇಕು: ಆಂಟಿಬಯಾಟಿಕ್ ಹುಡುಕುವ ಮಾಡೆಲ್ 95% ಅಕ್ಯುರಸಿ ಕೊಡುತ್ತಿದೆ, ಆದರೆ ಒಂದೂ ಔಷಧ ಹಿಡಿಯುತ್ತಿಲ್ಲ

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ನಾನು ಕೆಮಿಸ್ಟ್ರಿ ಓದಿದವನಲ್ಲ, ಹಗಲು ವೆಬ್‌ಸೈಟ್ ಕೋಡ್ ಬರೆಯುತ್ತೇನೆ, ರಾತ್ರಿ ಇದರ ಹುಚ್ಚು. 2020ರಲ್ಲಿ ಎಂಐಟಿಯವರು ಮಷೀನ್ ಲರ್ನಿಂಗ್‌ನಿಂದ ಹ್ಯಾಲಿಸಿನ್ ಅಂತ ಒಂದು ಆಂಟಿಬಯಾಟಿಕ್ ಹುಡುಕಿದರಲ್ಲ, ಆ ಡೇಟಾ ಇಳಿಸಿಕೊಂಡು ಅದೇ ಕೆಲಸ ಚಿಕ್ಕದಾಗಿ ಮಾಡಿ ನೋಡೋಣ ಅಂತ ಕೂತೆ. 2,335 ಅಣುಗಳಿವೆ. ಅಣು ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದಿದ್ದರೆ 1, ಇಲ್ಲದಿದ್ದರೆ 0. ಮಾಡೆಲ್ ಕೂಡ ಅವರದೇ ಕೆಮ್‌ಪ್ರಾಪ್ (ಅಣುವಿನ ರಚನೆ ನೋಡಿ ಗುಣ ಊಹಿಸುವ ಪ್ರೋಗ್ರಾಂ). ಲ್ಯಾಪ್‌ಟಾಪ್ ಕಾದ ಹೆಂಚಿನ ಹಾಗಾಯಿತು ಅಂತ 5 ಇಪಾಕ್‌ಗೇ (ಅಂದರೆ ಪೂರ್ತಿ ಡೇಟಾ ಐದು ಸುತ್ತು ಕಲಿಸಿ) ನಿಲ್ಲಿಸಿದೆ. ಟೆಸ್ಟ್‌ಗೆ ಎತ್ತಿಟ್ಟಿದ್ದ 234 ಅಣುಗಳ ಮೇಲೆ ಅಕ್ಯುರಸಿ 94.9% ಬಂತು, ಖುಷಿಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಆಮೇಲೆ ನೋಡಿದರೆ ಸಕ್ಕರೆ ಕೊಟ್ಟರೂ 0 ಅನ್ನುತ್ತಿದೆ, ಗೊತ್ತಿರುವ ಆಂಟಿಬಯಾಟಿಕ್ ಸಿಪ್ರೊಫ್ಲಾಕ್ಸಸಿನ್ ಕೊಟ್ಟರೂ 0. ಎಲ್ಲಿ ಎಡವಟ್ಟಾಗಿದೆ?

ಹಳೇಗ್ರಾಫ್:
ಕೋಡ್ ಸರಿ ಇದೆ, ಮಾಡೆಲ್ ಮೈಗಳ್ಳ ಆಗಿದೆ ಅಷ್ಟೆ. 2,335ರಲ್ಲಿ ಕೆಲಸ ಮಾಡಿದ್ದು 120 ಮಾತ್ರ, ನೂರಕ್ಕೆ ಐದು. ಆ ಲೆಕ್ಕದಲ್ಲಿ ನಿಮ್ಮ 234ರಲ್ಲಿ 12 ಇರಬೇಕು, ಅಲ್ವಾ? ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ "ಇಲ್ಲ" ಅಂದರೂ 222 ಸರಿ. 222ನ್ನು 234ರಿಂದ ಭಾಗಿಸಿ ನೋಡಿ, ನಿಮ್ಮ 94.9 ಅಲ್ಲೇ ಸಿಗುತ್ತದೆ.

ಅಕ್ಯುರಸಿ ಮರೆತುಬಿಡಿ. ಸ್ಕೋರ್ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ, ಮೊದಲ 20ರಲ್ಲಿ ನಿಜವಾದವು ಎಷ್ಟಿವೆ ಅಂತ ಕೈಯಲ್ಲೇ ಎಣಿಸಿ. ಸ್ಕೋರ್ 0.5 ದಾಟಿದರೆ ಮಾತ್ರ 1 ಅನ್ನೋ ಕಟ್‌ಆಫ್ ಯಾರೂ ಕಲ್ಲಿನಲ್ಲಿ ಕೆತ್ತಿಟ್ಟಿದ್ದಲ್ಲ. ಇಪಾಕ್ 30 ಮಾಡಿ. ಕ್ಲಾಸ್ ಬ್ಯಾಲೆನ್ಸ್ (ಕಲಿಸುವಾಗ 1, 0 ಎರಡನ್ನೂ ಸಮವಾಗಿ ತೋರಿಸುವುದು) ಆಯ್ಕೆ ಕೆಮ್‌ಪ್ರಾಪ್‌ನಲ್ಲೇ ಇದೆ, ಅದನ್ನು ಆನ್ ಮಾಡಿ. ಬೇರೆ ಬೇರೆ ಸೀಡ್‌ನಲ್ಲಿ (ರ್‍ಯಾಂಡಮ್ ಆರಂಭದ ಸಂಖ್ಯೆ) ಐದಾರು ಮಾಡೆಲ್ ಓಡಿಸಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ರಾತ್ರಿಪಾಳಿ:
ಸಾರ್, ಕೆಲಸ ಮಾಡಿತು! ಈಗ ಸಿಪ್ರೊಫ್ಲಾಕ್ಸಸಿನ್‌ಗೆ 0.9ರ ಮೇಲೆ ಬರುತ್ತಿದೆ. ಜೊತೆಗೆ ನನ್ನದೂ ಒಂದು ಐಡಿಯಾ ಸೇರಿಸಿದೆ. 1 ಅನ್ನೋದೇ ಕಡಿಮೆ ತಾನೆ, ಅದಕ್ಕೆ ನೆಟ್‌ನಲ್ಲಿ ಸಿಕ್ಕ ಪಟ್ಟಿಯಿಂದ ಗೊತ್ತಿರುವ 180 ಆಂಟಿಬಯಾಟಿಕ್‌ಗಳನ್ನು ತಂದು ಎಲ್ಲಕ್ಕೂ 1 ಹಾಕಿಬಿಟ್ಟೆ. ಆರ್‌ಒಸಿ (ನಿಜವಾದ 1ಗಳನ್ನು 0ಗಳಿಗಿಂತ ಮೇಲೆ ಇಡುತ್ತದಾ ಅನ್ನೋ ಅಂಕ, ಪೂರ್ತಿ ಸರಿ ಇದ್ದರೆ 1) 0.99! ಪೇಪರ್‌ನವರದ್ದೇ 0.896.

ಅಗರ್‌ಪ್ಲೇಟ್:
ಸ್ವಲ್ಪ ನಿಲ್ಲಿ. ನಾನು ಮೈಕ್ರೋಬಯಾಲಜಿ ಲ್ಯಾಬ್‌ನವಳು, ಕೋಡ್ ನನಗೆ ಅಷ್ಟಕ್ಕಷ್ಟೆ, ಆದರೆ ಆ 180ರಲ್ಲಿ ವ್ಯಾಂಕೊಮೈಸಿನ್ ಇದೆಯಾ? ಇದ್ದೇ ಇರುತ್ತದೆ. ಅದಕ್ಕೆ 1 ಹಾಕಿದ್ದು ತಪ್ಪು. ನಿಮ್ಮ ಡೇಟಾ ಕೇಳುತ್ತಿರುವ ಪ್ರಶ್ನೆ "ಇದು ಆಂಟಿಬಯಾಟಿಕ್ಕಾ" ಅಂತ ಅಲ್ಲ. ಈ ಅಣುವನ್ನು 50 ಮೈಕ್ರೋಮೋಲಾರ್ ಹಾಕಿದಾಗ ಇ. ಕೋಲಿ ಬೆಳೆಯಿತೇ ಅನ್ನೋದಷ್ಟೇ. ಇ. ಕೋಲಿಗೆ ಹೊರಗಡೆ ಒಂದು ಪೊರೆ ಜಾಸ್ತಿ ಇದೆ, ಅದರಲ್ಲಿರುವ ಪೋರಿನ್ ಅನ್ನೋ ಕಿಂಡಿಗಳಲ್ಲಿ ಸಣ್ಣ ಅಣುಗಳು ಮಾತ್ರ ನುಸುಳುತ್ತವೆ. ವ್ಯಾಂಕೊಮೈಸಿನ್‌ನ ಅಣುತೂಕ ಸುಮಾರು 1,449. ಆನೆಯನ್ನು ಬೆಕ್ಕಿನ ಕಿಂಡಿಯಲ್ಲಿ ತೂರಿಸಿದ ಹಾಗೆ. ಸ್ಟ್ಯಾಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಆ ಹೊರಪೊರೆ ಇಲ್ಲ, ಅಲ್ಲಿ ಇದೇ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಟಿಬಿಗೆ ಕೊಡುವ ಐಸೋನಿಯಾಜಿಡ್ ಕಥೆಯೂ ಹಾಗೇ, ಇ. ಕೋಲಿ ಅದಕ್ಕೆ ಕ್ಯಾರೇ ಅನ್ನಲ್ಲ. ಆ ಪ್ಲೇಟ್‌ನಲ್ಲಿ ಯಾರೂ ಟೆಸ್ಟ್ ಮಾಡದ ಅಣುವಿಗೆ ನೀವೇ ಮಾರ್ಕ್ಸ್ ಹಾಕಿಕೊಟ್ಟಿದ್ದೀರಿ.

ಹಳೇಗ್ರಾಫ್:
ಮೇಡಂ ಹೇಳಿದ್ದು ಸರಿ. 0.99 ಕಂಡ ಕೂಡಲೇ ನನಗೆ ಇನ್ನೊಂದು ಅನುಮಾನ ಬಂತು. ನಿಮ್ಮ ಫೈಲ್‌ನಲ್ಲಿ ಸಿಪ್ರೊಫ್ಲಾಕ್ಸಸಿನ್ ಎಷ್ಟು ಸಲ ಇದೆ ಹುಡುಕಿ. ಒಂದು ಸಾಲಿನಲ್ಲಿ ಬರೀ ಔಷಧ, ಇನ್ನೊಂದರಲ್ಲಿ ಅದರ ಹೈಡ್ರೋಕ್ಲೋರೈಡ್ ಸಾಲ್ಟ್ ಇರುತ್ತದೆ. ಸ್ಮೈಲ್ಸ್ (ಅಣುವನ್ನು ಅಕ್ಷರಗಳಲ್ಲಿ ಬರೆಯುವ ರೀತಿ) ಸಾಲಿನ ಕೊನೆಗೆ ಒಂದು ಚುಕ್ಕಿ ಇಟ್ಟು ಸಿಎಲ್ ಅಂತ ಬಾಲ ಇದ್ದರೆ ಅದೇ. ಒಂದು ಟ್ರೇನಿಂಗ್‌ಗೆ, ಇನ್ನೊಂದು ಟೆಸ್ಟ್‌ಗೆ ಹೋದರೆ ಪ್ರಶ್ನೆಪತ್ರಿಕೆ ಲೀಕ್ ಆದಂಗೆ. ಆರ್‌ಡಿಕಿಟ್ ಅನ್ನೋ ಕೆಮಿಸ್ಟ್ರಿ ಲೈಬ್ರರಿಯಲ್ಲಿ ಸಾಲ್ಟ್ ತೆಗೆದುಹಾಕಿ, ಆಮೇಲೆ ಇಂಚಿಕೀ (ಅಣುವಿನ ಗುರುತಿನ ಸಂಕೇತ) ಮಾಡಿ ಅದರ ಮೊದಲ 14 ಅಕ್ಷರ, ಅಂದರೆ ಪರಮಾಣುಗಳ ಜೋಡಣೆ ಹೇಳುವ ಭಾಗ ಮಾತ್ರ ಹೋಲಿಸಿ. ಪೂರ್ತಿ ಹೋಲಿಸಿದರೆ ಆಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಬೇರೆ ಬೇರೆ ಅಂತ ಪಾಸಾಗಿಬಿಡುತ್ತವೆ. ಎರಡನೆಯದು ಮೊದಲನೆಯದರ ಎಡಗೈ ರೂಪ, ಅಷ್ಟೆ.

ಅದಾದ ಮೇಲೆ ರ್‍ಯಾಂಡಮ್ ಸ್ಪ್ಲಿಟ್ ಬಿಟ್ಟು ಸ್ಕ್ಯಾಫೋಲ್ಡ್ ಸ್ಪ್ಲಿಟ್ ಹಾಕಿ. ಒಂದೇ ಅಸ್ಥಿಪಂಜರದ ಅಣುಗಳೆಲ್ಲ ಒಂದೇ ಕಡೆ ಇರುತ್ತವೆ. ನಂಬರ್ ಬೀಳುತ್ತದೆ, ಬೀಳಲಿ ಬಿಡಿ.

ರಾತ್ರಿಪಾಳಿ:
ಬಿತ್ತು. 0.83. ಈ ಸಲ ಯಾರನ್ನೂ ಎಬ್ಬಿಸಿಲ್ಲ. 180ನ್ನೂ ಕಿತ್ತುಹಾಕಿದೆ, ಅದರಲ್ಲಿ 70ಕ್ಕಿಂತ ಜಾಸ್ತಿ ಮೊದಲೇ ಇದ್ದವು, ನಾಚಿಕೆ ಆಯಿತು.

ಈಗ ಕೊನೇ ಪ್ರಶ್ನೆ. ಟ್ರೇನಿಂಗ್‌ನಲ್ಲಿ ಇಲ್ಲದ ಸಾವಿರಾರು ಔಷಧಗಳ ಮೇಲೆ ಓಡಿಸಿದೆ. ಮೇಲೆ ಬಂದಿದ್ದೆಲ್ಲ ಸೆಫಲೊಸ್ಪೋರಿನ್, ಫ್ಲೋರೊಕ್ವಿನೊಲೋನ್ ಅನ್ನೋ ಹಳೇ ಆಂಟಿಬಯಾಟಿಕ್ ಕುಟುಂಬಗಳು. ಇದಕ್ಕೆ ಮಾಡೆಲ್ ಯಾಕೆ ಬೇಕು, ಮೆಡಿಕಲ್ ಶಾಪಿನವರನ್ನು ಕೇಳಿದರೂ ಹೇಳುತ್ತಾರೆ! ನಡುವೆ ಹೊಸ ಹೆಸರು ಅಂತ ಸಿಕ್ಕಿದ್ದು ಒಂದೇ, ಸೆಟಿಲ್‌ಪಿರಿಡಿನಿಯಂ. ಇದು ಏನಾದರೂ ಸಿಕ್ಕಿದ ಹಾಗಾ?

ಅಗರ್‌ಪ್ಲೇಟ್:
ಅಭಿನಂದನೆಗಳು, ನಿಮ್ಮ ಮಾಡೆಲ್ ಮೌತ್‌ವಾಶ್ ಕಂಡುಹಿಡಿದಿದೆ. ಬಾಯಿ ಮುಕ್ಕಳಿಸಿ ಉಗಿಯೋಕೆ ಸರಿ. ಅದು ಪೊರೆಯನ್ನೇ ಹರಿದುಹಾಕುವ ಸಾಬೂನಿನ ಜಾತಿ, ನಮ್ಮ ಜೀವಕೋಶವನ್ನೂ ಬಿಡಲ್ಲ. "ಬ್ಯಾಕ್ಟೀರಿಯಾ ಬೆಳೆಯಲಿಲ್ಲ" ಅಂತ ಮಾತ್ರ ಕಲಿಸಿದರೆ ವಿಷವೂ ಮೇಲೆ ಬರುತ್ತದೆ. 2023ರ ಕೊನೆಯಲ್ಲಿ ನೇಚರ್‌ನಲ್ಲಿ ಬಂದ ಕೆಲಸ ನೋಡಿ, ಎಂಆರ್‌ಎಸ್‌ಎಗೆ (ಹಲವು ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್) ಹುಡುಕಿದ್ದು. ಅವರು 39,312 ಅಣುಗಳನ್ನು ಸ್ಟ್ಯಾಫಿಲೊಕಾಕಸ್ ಮೇಲೆ ಹಾಕಿ ನೋಡಿದ್ದಲ್ಲದೆ, ಮನುಷ್ಯರ ಲಿವರ್, ಸ್ನಾಯು, ಶ್ವಾಸಕೋಶದ ಜೀವಕೋಶಗಳ ಮೇಲೂ ನೋಡಿ, ವಿಷಕ್ಕೆ ಬೇರೆ ಮಾಡೆಲ್‌ಗಳನ್ನೇ ಕಟ್ಟಿದರು.

ಹಳೇಗ್ರಾಫ್:
ಹಳೇ ಕುಟುಂಬಗಳನ್ನು ಸೋಸುವುದು ಸುಲಭ. ಗೊತ್ತಿರುವ ಆಂಟಿಬಯಾಟಿಕ್‌ಗಳಿಗೆ ಮಾರ್ಗನ್ ಫಿಂಗರ್‌ಪ್ರಿಂಟ್ (ಅಣುವಿನ ತುಣುಕುಗಳ ಪಟ್ಟಿ) ಹಾಕಿ, ನಿಮ್ಮ ಅಣುವಿಗೆ ಅತಿ ಹತ್ತಿರದ್ದರ ಟ್ಯಾನಿಮೋಟೊ (ಎರಡು ಪಟ್ಟಿಗಳ ಹೋಲಿಕೆ, 0ಯಿಂದ 1) ನೋಡಿ, 0.4 ದಾಟಿದ್ದನ್ನು ಪಕ್ಕಕ್ಕಿಡಿ (0.4 ನನ್ನ ಅಂದಾಜು, ಬದಲಾಯಿಸಿಕೊಳ್ಳಿ). ಕಿತ್ತುಹಾಕಿದ ಆ 180ರ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹ್ಯಾಲಿಸಿನ್‌ಗೆ ಹತ್ತಿರದ ನೆಂಟ ಮೆಟ್ರೊನಿಡಜೋಲ್, ಅದೂ ಸುಮಾರು 0.21 ಅಷ್ಟೆ. ಹ್ಯಾಲಿಸಿನ್ ಮೊದಲು ಡಯಾಬಿಟಿಸ್‌ಗೆ ಅಂತ ನೋಡುತ್ತಿದ್ದ ಅಣು, ಹೆಸರು ಎಸ್‌ಯು3327. ಎಂಐಟಿಯವರಿಗೂ ಸ್ಕೋರ್ ನೋಡಿದ ಕೂಡಲೇ ಸಿಕ್ಕಿದ್ದಲ್ಲ. ಮೇಲಿನ 99 ಅಣುಗಳನ್ನು ಲ್ಯಾಬ್‌ನಲ್ಲಿ ಹಾಕಿ ನೋಡಿದರು, 51 ಕೆಲಸ ಮಾಡಿದವು. ಕೆಳಗಿನ 63ನ್ನೂ ಬಿಡಲಿಲ್ಲ, ಅದರಲ್ಲಿ ಎರಡು. ಈ ಕೆಳಗಿನವನ್ನು ನೋಡಿದ್ದು ನನಗೆ ಜಾಸ್ತಿ ಇಷ್ಟವಾಯಿತು, ಸಾಮಾನ್ಯವಾಗಿ ಯಾರೂ ದುಡ್ಡು ಹಾಕಲ್ಲ.

ರಾತ್ರಿಪಾಳಿ:
ಸೋಸಿದೆ. 300ರಲ್ಲಿ 11 ಉಳಿದವು. ಇದರಲ್ಲಿ ಒಂದೆರಡು ತರಿಸಿ ಮನೆಯಲ್ಲೇ...

ಅಗರ್‌ಪ್ಲೇಟ್:
ಬೇಡ. ಅಡುಗೆಮನೆಯಲ್ಲಿ ಇ. ಕೋಲಿ ಬೆಳೆಸಬೇಡಿ. ಆ 11ರ ಸ್ಮೈಲ್ಸ್ ಇಲ್ಲೇ ಹಾಕಿ, ಮೊದಲು ಯಾರಾದರೂ ಟೆಸ್ಟ್ ಮಾಡಿದ್ದಾರಾ ಅಂತ ಪಬ್‌ಕೆಮ್ ಅನ್ನೋ ಅಣುಗಳ ಡೇಟಾಬೇಸ್‌ನಲ್ಲಿ ನೋಡಿ ಹೇಳುತ್ತೇನೆ. ನೈಟ್ರೋ ಗುಂಪು ಇರುವುದಕ್ಕೆ ಬೇರೆ ಬಣ್ಣ ಕೊಡಿ, ಅವುಗಳ ಮೇಲೆ ನನಗೆ ಮೊದಲಿಂದಲೂ ಅನುಮಾನ.