ಸಹಾಯ ಬೇಕು: ತೀರ್ಥಹಳ್ಳಿ, ಹೊಸನಗರ ಕಡೆ ಶುಗರ್ ತಪಾಸಣೆಗೆ

ಎಲ್ಲರಿಗೂ ನಮಸ್ಕಾರ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಶುಗರ್ ತಪಾಸಣೆ ಇಟ್ಟುಕೊಳ್ಳುತ್ತಿದ್ದೇವೆ. ರಕ್ತ ತೆಗೆಯಲು ಇಬ್ಬರು ಲ್ಯಾಬ್ ಟೆಕ್ನಿಷಿಯನ್‌ಗಳು, ಶಿವಮೊಗ್ಗಕ್ಕೆ ಟ್ಯೂಬ್ ತಲುಪಿಸಲು ಒಂದು ಗಾಡಿ, ಐಸ್ ಡಬ್ಬಿ ಬೇಕು.

ಬೆರಳು ಚುಚ್ಚಿ ಸಕ್ಕರೆ ನೋಡುವ ಗ್ಲುಕೋಮೀಟರ್ ಸಾಲದೇ ಎಂದು ಹಲವರು ಕೇಳಿದ್ದೀರಿ. ಸಾಲದು. ಬೆರಳಿನ ಹನಿ ಸುಳಿವು ಮಾತ್ರ. ಬಾಳೆಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿದರೂ ಅಂಕಿ ಏರುತ್ತದೆ. ಖಚಿತಪಡಿಸಲು ಕೈಯ ರಕ್ತನಾಳದಿಂದ ತೆಗೆದ ರಕ್ತವೇ ಬೇಕು. 8 ಗಂಟೆ ಖಾಲಿ ಹೊಟ್ಟೆಯಲ್ಲಿದ್ದ ಮೇಲೆ ಸಕ್ಕರೆ 126 (ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕ), ಇಲ್ಲವೇ 75 ಗ್ರಾಂ ಗ್ಲುಕೋಸ್ ಕುಡಿದ 2 ಗಂಟೆಗೆ 200, ಇಲ್ಲವೇ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ. 6.5 ಮುಟ್ಟಿದರೆ ಮಧುಮೇಹ. ಲಕ್ಷಣ ಇಲ್ಲದವರಲ್ಲಿ ಒಂದೇ ಫಲಿತಾಂಶ ನಂಬಬೇಡಿ, ಎರಡು ತಾಳೆಯಾಗಬೇಕು. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಸುಳ್ಳೇ ಹೆಚ್ಚು ತೋರಿಸಬಹುದು.

ಐಸ್ ಯಾಕೆಂದರೆ, ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇ. 5ರಿಂದ 7. ಇದನ್ನು ತಡೆಯಲೆಂದು ಬೂದು ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಫ್ಲೋರೈಡ್ ಪೂರ್ತಿ ಕೆಲಸ ಮಾಡಲು ಗಂಟೆ ಮೇಲಾಗುತ್ತದೆ. ಆಗುಂಬೆ ಕಡೆಯಿಂದ ಬರುವಷ್ಟರಲ್ಲಿ 130 ಇದ್ದದ್ದು 120 ಆಗಿ ರೋಗಿ ಕೈತಪ್ಪಬಹುದು.

ಮಗು ಸಿಕ್ಕಾಪಟ್ಟೆ ನೀರು ಕುಡಿದು, ಪದೇಪದೇ ಉಚ್ಚೆ ಹೊಯ್ದು, ಸೊರಗುತ್ತಿದ್ದರೆ ಶಿಬಿರಕ್ಕೆ ಕಾಯಬೇಡಿ. ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಮಧುಮೇಹ) ಇರಬಹುದು. ವಾಂತಿ, ಏದುಸಿರು ಶುರುವಾದರೆ ಜೀವಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ತೆಳ್ಳಗಿದ್ದು ಮಾತ್ರೆಗೆ ಬಗ್ಗದ ದೊಡ್ಡವರಿಗೂ ಟೈಪ್ 1 ಇರಬಹುದು, ಅದನ್ನು ಗುರುತಿಸಲು ನೆರವಾಗುವ ಜಿಎಡಿ ಆಂಟಿಬಾಡಿ, ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ.

ಬರಬಲ್ಲವರು ನಿಮ್ಮ ಊರು, ಬಿಡುವಿರುವ ಭಾನುವಾರ ಇಲ್ಲೇ ತಿಳಿಸಿ. ಬೆಳಿಗ್ಗೆ 7ಕ್ಕೇ ಶುರು; ಉಪವಾಸ ಬಂದ ಅಜ್ಜ-ಅಜ್ಜಿಯರನ್ನು ಕಾಯಿಸಬಾರದು.