‘ಸಾಕಷ್ಟು ಆಕ್ಸಿಜನ್’ ಅಂದರೆ ನಿಮಗೆ ಎಷ್ಟು ಅಂತ ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ. ‘ಸಾಕಷ್ಟು’ ಅನ್ನುವ ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಾಗಿದೆ.

ನಾನು ನರ್ಸ್. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲದ ಶ್ವಾಸಕೋಶದ ಕಾಯಿಲೆ) ಇರುವವರನ್ನು ಮನೆಗೆ ಕಳಿಸುವಾಗ ಮನೆಯವರ ಕೈಗೆ ಕೊಡುವ ಚೀಟಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಹಳೆಯದರಲ್ಲಿ ಹೀಗಿತ್ತು: ‘ರೋಗಿಗೆ ಸಾಕಷ್ಟು ಆಕ್ಸಿಜನ್ ನೀಡಿ.’ ಬರೆದವರ ಮನಸ್ಸಿನಲ್ಲಿದ್ದದ್ದು ಸಾಕು ಅನ್ನುವಷ್ಟು, ಅದರ ಮೇಲೆ ಬೇಡ. ಆದರೆ ‘ಮದುವೆಗೆ ಸಾಕಷ್ಟು ಜನ ಬಂದಿದ್ರು’, ‘ಸಾಕಷ್ಟು ದುಡ್ಡು ಮಾಡಿದಾನೆ’ ಅಂದಾಗ ಅದರಲ್ಲಿನ ‘ಸಾಕು’ ಯಾರ ಕಿವಿಗೂ ಬೀಳುವುದಿಲ್ಲ. ಜಾಸ್ತಿ ಅಂತಲೇ ಕೇಳಿಸುತ್ತದೆ, ಅಲ್ವಾ?

ಈ ಚೀಟಿ ಹಿಡಿದು ಮನೆಗೆ ಹೋದ ಒಬ್ಬ ಅಜ್ಜನಿಗೆ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1 ಲೀಟರ್ ಆಕ್ಸಿಜನ್ ಇತ್ತು. ರಾತ್ರಿ ಮಗ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದ. ರಕ್ತದಲ್ಲಿ ಆಕ್ಸಿಜನ್ ಶೇಕಡಾ 90. ಕೋವಿಡ್ ಕಾಲದಲ್ಲಿ 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಬನ್ನಿ ಅಂತ ನಾವೇ ಹೇಳಿಕೊಟ್ಟಿದ್ದೆವಲ್ಲ. ಹೆದರಿಕೊಂಡು ಗುಂಡಿ ತಿರುಗಿಸಿ 5ಕ್ಕೆ ಇಟ್ಟ. ಅಂಕಿ 98ಕ್ಕೆ ಏರಿತು. ಅಜ್ಜ ಕಣ್ಣು ಮುಚ್ಚಿದರು. ‘ಎಷ್ಟೋ ದಿನ ಆದ್ಮೇಲೆ ಚೆನ್ನಾಗಿ ನಿದ್ದೆ ಮಾಡಿದ್ರು ಸಿಸ್ಟರ್, ಆದ್ರೆ ಬೆಳಿಗ್ಗೆ ಏಳಲೇ ಇಲ್ಲ’ ಅಂತ ಮಗ ಹೇಳುತ್ತಿದ್ದ. ಅಜ್ಜ ಸ್ಟ್ರೆಚರ್ ಮೇಲೆ, ಭುಜ ಅಲುಗಾಡಿಸಿ ಕರೆದರೂ ಬರೀ ‘ಹ್ಞೂಂ’ ಅನ್ನುತ್ತಿದ್ದರು.

ಅದು ನಿದ್ದೆಯಲ್ಲ, ಮಂಪರು. ಈ ಕಾಯಿಲೆ ಬಲಿತ ಕೆಲವರಲ್ಲಿ ಆಕ್ಸಿಜನ್ ಮಿತಿ ಮೀರಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅದಕ್ಕೇ ಅಂಥವರಿಗೆ 88ರಿಂದ 92ರ ಗುರಿ ಇಡುವುದು. ಅಜ್ಜನ 90 ಸರಿಯಾಗಿಯೇ ಇತ್ತು! ಎರಡು ದಿನ ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ, ಯಂತ್ರದಿಂದ ಉಸಿರಿಗೆ ಆಸರೆ ಕೊಡಬೇಕಾಯಿತು. ಉಳಿದುಕೊಂಡರು. ಮಗನ ತಪ್ಪು ಏನೂ ಇಲ್ಲ. ಚೀಟಿ ಹೇಳಿದ್ದನ್ನೇ ಮಾಡಿದ್ದ.

ಹಾಗಾದರೆ ಯಾವ ಪದ ಹಾಕಲಿ? ‘ಬೇಕಾದಷ್ಟು’ ಇನ್ನೂ ಅಪಾಯ. ‘ಅಗತ್ಯವಿರುವಷ್ಟು’ ಅಂದರೆ, ಉಸಿರಿಗೆ ಒದ್ದಾಡುವವರನ್ನು ಎದುರಿಗೆ ನೋಡುತ್ತಾ ಕೂತ ಮನೆಯವರಿಗೆ ಅಗತ್ಯ ದೊಡ್ಡದಾಗಿಯೇ ಕಾಣುತ್ತದೆ. ‘ಮಿತವಾಗಿ’ ಅಂತ ಬರೆದು ಒಂದಿಬ್ಬರಿಗೆ ಓದಿಸಿದೆ. ಉಪ್ಪು, ಸಕ್ಕರೆಯ ಹಾಗೆ ಆದಷ್ಟು ಕಮ್ಮಿ ಮಾಡಬೇಕು ಅಂದುಕೊಂಡರು. ಅದೂ ಆಗುವುದಿಲ್ಲ. ಮನೆಯಲ್ಲೇ ಕಾಯಂ ಆಕ್ಸಿಜನ್ ಬೇಕು ಅಂತ ಬರೆದುಕೊಟ್ಟವರಿಗೆ ದಿನಕ್ಕೆ ಕಡಿಮೆ ಅಂದರೂ 15 ಗಂಟೆ ಕೊಡಬೇಕು.

ನನಗೆ ಹಿಡಿಸಿರುವುದು ‘ಹದ’. ಮುದ್ದೆಗೆ ನೀರು, ಬಿತ್ತನೆಗೆ ಮಳೆ, ಎರಡಕ್ಕೂ ಹದ ಅಂತೀವಿ. ಕಮ್ಮಿಯಾದರೂ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ ಅನ್ನುವುದು ಆ ಪದದೊಳಗೇ ಇದೆ. ಒಂದೇ ಅನುಮಾನ. ಹದ ನೋಡುವವರು ಯಾವಾಗಲೂ ಅಡುಗೆ ಮಾಡುವವರು, ಬಿತ್ತುವವರು. ‘ಹದವಾಗಿ ಕೊಡಿ’ ಅಂದರೆ ಮನೆಯವರೇ ಗುಂಡಿಗೆ ಕೈ ಹಾಕಿಬಿಟ್ಟರೆ? ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ‘ಆಕ್ಸಿಜನ್ನಿಗೂ ಒಂದು ಹದ ಇದೆ. ನಾವು ಗುರುತು ಹಾಕಿದ ಗೆರೆಯಲ್ಲೇ ಗುಂಡಿ ಇರಲಿ. ಬೆರಳಿನ ಅಂಕಿ 88ರಿಂದ 92 ಇದ್ದರೆ ಒಳ್ಳೆಯದು. ಬೆಳಿಗ್ಗೆ ತಲೆನೋವು, ಮಂಪರು ಕಂಡರೆ ತಕ್ಷಣ ಫೋನ್ ಮಾಡಿ.’ ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತು ಅಂತ ಬರೆಯುತ್ತೀರಾ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ಖಂಡಿತ ಬರೆಯಿರಿ.

ಇನ್ನೊಂದು, ‘ಉಸಿರಾಡಿ’. ‘ನಿಧಾನವಾಗಿ ಉಸಿರಾಡಿ’ ಅಂದರೆ ಎಲ್ಲರೂ ಮೊದಲು ಎಳೆದುಕೊಳ್ಳುತ್ತಾರೆ. ಇವರ ಕಷ್ಟ ಇರುವುದು ಹೊರಗೆ ಬಿಡುವುದರಲ್ಲಿ. ಹಳೆಯ ಗಾಳಿ ಒಳಗೇ ಉಳಿದು ಎದೆ ಉಬ್ಬಿಕೊಂಡಿರುತ್ತದೆ. ಹೊಸದಕ್ಕೆ ಜಾಗವೇ ಇರುವುದಿಲ್ಲ. ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಬಿಡಬೇಕು. ‘ಉಸಿರು ಬಿಡಿ’ ಅಂದರೆ ಒಬ್ಬ ಅಜ್ಜಿಗೆ ಬೇಜಾರಾಯಿತು. ‘ಬಿಡು ಅನ್ಬೇಡಮ್ಮ, ಪ್ರಾಣ ಬಿಡು ಅಂದ ಹಾಗಿರುತ್ತೆ.’ ದೀಪ ಆರದ ಹಾಗೆ, ಬರೀ ಬಳುಕುವ ಹಾಗೆ ಊದಿ ಅಂತ ಕಲಿಸುವುದುಂಟು. ದೀಪದ ಕಡೆ ಬಾಯಿಂದ ಊದುವುದಕ್ಕೇ ಅವರು ಒಪ್ಪಲಿಲ್ಲ. ದೀಪವನ್ನು ‘ಶಾಂತ ಮಾಡು’ ಅನ್ನುವ ಮನೆಯವರು.

ಕೊನೆಗೆ ‘ಊದುಗೊಳವೆ ಹಿಡಿದ ಹಾಗೆ ತುಟಿ ಮಾಡಿ’ ಅಂದೆ. ತಕ್ಷಣ ಬಂತು, ಎಷ್ಟು ಚೆನ್ನಾಗಿ ಬಂತು ಅಂದರೆ ನನಗೇ ಗಂಟಲು ಕಟ್ಟಿತು. ಒಂದು ಬೀಡಿಯನ್ನೂ ಮುಟ್ಟದವರು ಅವರು. ನಲವತ್ತು ವರ್ಷ ಸೌದೆ ಒಲೆ ಊದಿದವರು. ಆ ಹೊಗೆಯೂ ಈ ಕಾಯಿಲೆಗೆ ದೊಡ್ಡ ಕಾರಣ. ಆದರೆ ಒಲೆ ಅಂದ ಕೂಡಲೇ ಜೋರಾಗಿ ಊದಿದರು, ಕೆಮ್ಮು ಹತ್ತಿತು. ‘ಬಿಸಿ ಕಾಫಿ ಆರಿಸೋ ಹಾಗೆ’ ಅಂದಮೇಲೆ ಸರಿಹೋಯಿತು. ಹಾಗಾಗಿ ತುಟಿಗೆ ಊದುಗೊಳವೆ, ಗಾಳಿಗೆ ಕಾಫಿ ಅಂತ ಎರಡನ್ನೂ ಚೀಟಿಯಲ್ಲಿ ಸೇರಿಸಿದ್ದೇನೆ.

ಕಾಯಿಲೆಯ ಹೆಸರನ್ನು ಸಿಒಪಿಡಿ ಅಂತಲೇ ಇಟ್ಟಿದ್ದೇನೆ. ಅದರ ಕನ್ನಡ ಅನುವಾದದಲ್ಲಿ ಬರುವ ‘ಪ್ರತಿರೋಧಕ ಶ್ವಾಸಕೋಶ’ ಅಂದರೆ ರೋಗವನ್ನು ತಡೆಯುವ ಶ್ವಾಸಕೋಶದ ಹಾಗೆ ಕೇಳಿಸುತ್ತದೆ. ದಮ್ಮು, ಉಬ್ಬಸ, ಗೂರಲು ಮೂರನ್ನೂ ಜನ ಆಸ್ತಮಾಕ್ಕೂ ಹೇಳುತ್ತಾರೆ.

ನಿಮ್ಮ ಕಡೆ ಊದುಗೊಳವೆಗೆ ಏನನ್ನುತ್ತಾರೆ? ಅದನ್ನೂ ತಿಳಿಸಿ. ಚೀಟಿ ಬೇರೆ ಜಿಲ್ಲೆಗಳಿಗೂ ಹೋಗುತ್ತದೆ, ಆಯಾ ಊರಿನ ಪದವನ್ನೇ ಹಾಕಬೇಕು ಅಂತ ಆಸೆ.